ಮೇಷ್ಟ್ರ ಡಬ್ಬಿಯಲ್ಲಿದ್ದ ನಗರದ ವರಹಗಳು

ನ್ಯೂಜೆರ್ಸಿಯ ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಅವರನ್ನು ‘ಮೇಷ್ಟ್ರು’ ಎಂದೇ ಕರೆಯುತ್ತಿದ್ದೆವು. ಅಮೆರಿಕಕ್ಕೆ ಬರುವ ಮುನ್ನ ಶಿವಮೊಗ್ಗದ ಕಾಲೇಜೊಂದರಲ್ಲಿ ಕೆಲವು ವರ್ಷ ರಸಾಯನಶಾಸ್ತ್ರ ಕಲಿಸಿದ್ದರು. ಇಲ್ಲಿ ಔಷಧ ತಯಾರಿಸುವ ಕಂಪನಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದರು. ಹಳೆಯ ಕಾರು, ಹಳೆಯ ಕೋಟು, ಮಿತವಾದ ಊಟ. ಅವರು ಕೈಬಿಚ್ಚಿ ಖರ್ಚು ಮಾಡುತ್ತಿದ್ದುದು ಒಂದೇ ವಿಷಯಕ್ಕೆ: ಹಳೆಯ ನಾಣ್ಯಗಳಿಗೆ.

ಸಿಕ್ಕ ನಾಣ್ಯವನ್ನೆಲ್ಲ ಕೂಡಿಡುವವರು ಅವರಾಗಿರಲಿಲ್ಲ. ಅವರ ಹುಟ್ಟೂರು ತೀರ್ಥಹಳ್ಳಿಯ ಕಡೆಯದು. ಅಲ್ಲಿಗೆ ದೂರವಲ್ಲದ ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಿಂದಿನ ಬಿದನೂರು, ಕೆಳದಿ ನಾಯಕರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಆ ಸೀಮೆಯ ಟಂಕಸಾಲೆಗಳಿಂದ ಹೊರಬಿದ್ದ ನಾಣ್ಯಗಳೇ ಮೇಷ್ಟ್ರಿಗೆ ಬೇಕಾಗಿದ್ದವು. ಕೆಳದಿಯವರ ಇಕ್ಕೇರಿ ವರಹದ ಒಂದು ಮುಖದ ಮೇಲೆ ಶಿವ ಪಾರ್ವತಿಯರು ಕುಳಿತಿದ್ದಾರೆ. ಹೈದರಾಲಿ ಆ ಮುಖವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನಷ್ಟೇ ಒತ್ತಿಸಿದ. ಟಿಪ್ಪುವಿನ ಮೌಲೂದಿ ಶಕೆಯ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನೆಲ್ಲ ನಾನು ಕಲಿತದ್ದು ಮೇಷ್ಟ್ರ ಊಟದ ಮೇಜಿನ ಮೇಲೆ, ಭೂತಗನ್ನಡಿ ಹಿಡಿದು, ಅವರು ಮಾಡಿದ ಕಾಫಿ ಕುಡಿಯುತ್ತ. ಲಂಡನ್ನಿನ ಮತ್ತು ನ್ಯೂಯಾರ್ಕಿನ ಹರಾಜುಗಳಲ್ಲಿ ಒಂದೊಂದಾಗಿ ಕೊಂಡ ನಾಣ್ಯಗಳು ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿದ್ದವು. ಪ್ರತಿಯೊಂದಕ್ಕೂ ಒಂದು ಪುಟ್ಟ ಕಾಗದದ ಲಕೋಟೆ. ಅದರ ಮೇಲೆ ಮೇಷ್ಟ್ರ ದುಂಡು ಕನ್ನಡ ಅಕ್ಷರಗಳಲ್ಲಿ ನಾಣ್ಯದ ವಿವರ.

ಊರಿಗೆ ಹೋದಾಗಲೆಲ್ಲ ಅವರು ಅಣ್ಣನ ಮಗನಿಗೆ, ‘ಇದೆಲ್ಲ ನಿನಗೇ ಕಣೋ, ನಗರದ ಚಿನ್ನ ನಗರಕ್ಕೇ ಬರಬೇಕು’ ಎನ್ನುತ್ತಿದ್ದರಂತೆ. ಆ ಮಾತನ್ನು ನಾನೂ ಎರಡು ಸಲ ಕೇಳಿದ್ದೇನೆ. ಒಂದು ದೀಪಾವಳಿಯ ಮರುದಿನ ಅವರು ಉಯಿಲಿನ ನಮೂನೆಯೊಂದನ್ನು ಮುಂದಿಟ್ಟು, ‘ಸಾಕ್ಷಿ ಹಾಕ್ತೀರಾ?’ ಎಂದು ಕೇಳಿದರು. ‘ಹಬ್ಬದ ಸಮಯದಲ್ಲಿ ಅಮಂಗಳದ ಮಾತು ಯಾಕೆ ಮೇಷ್ಟ್ರೇ, ಮುಂದೆ ನೋಡೋಣ ಬಿಡಿ’ ಎಂದೆ. ಅವರು ನಕ್ಕು ಕಾಗದವನ್ನು ಮಡಿಚಿಟ್ಟರು. ಮುಂದಿನ ಚಳಿಗಾಲದಲ್ಲಿ, ಒಂದು ಬೆಳಗಿನ ಜಾವ, ನಿದ್ದೆಯಲ್ಲೇ ಅವರ ಹೃದಯ ನಿಂತಿತು.

ತೂಕಕ್ಕೆ ಹೋದ ಇತಿಹಾಸ

ಮೇಷ್ಟ್ರ ಪತ್ನಿ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗ, ಎರಡು ಚಿಕ್ಕ ಮಕ್ಕಳು. ಉಯಿಲು ಇಲ್ಲದ ಕಾರಣ ಆಕೆ ಕೌಂಟಿಯ ಸರೋಗೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಭದ್ರತಾ ಬಾಂಡ್ ಕೊಟ್ಟು, ತಂದೆಯ ಆಸ್ತಿಯ ಆಡಳಿತಾಧಿಕಾರ ಪಡೆಯಬೇಕಾಯಿತು. ನ್ಯೂಜೆರ್ಸಿಯ ಕಾನೂನಿನಂತೆ ಉಯಿಲು ಬರೆಯದೆ ತೀರಿಕೊಂಡವರಿಗೆ ಸಂಗಾತಿ ಇಲ್ಲದಿದ್ದರೆ ಎಲ್ಲವೂ ಮಕ್ಕಳಿಗೆ ಸೇರುತ್ತದೆ. ಅಣ್ಣನ ಮಗನಿಗೆ ಬಾಯಿಮಾತಿನಲ್ಲಿ ಕೊಟ್ಟ ಭಾಷೆಗೆ ಅಲ್ಲಿ ಬೆಲೆಯಿಲ್ಲ. ಆ ಭಾಷೆಯ ಸುದ್ದಿಯೇ ಮಗಳಿಗೆ ಗೊತ್ತಿರಲಿಲ್ಲ.

ಮನೆ ಖಾಲಿ ಮಾಡಲು ಆಕೆಗೆ ಸಿಕ್ಕಿದ್ದು ಎರಡು ವಾರದ ರಜೆ. ಮೂವತ್ತೈದು ವರ್ಷದ ಸಂಸಾರವನ್ನು ಎರಡು ವಾರದಲ್ಲಿ ವಿಂಗಡಿಸುವುದು ಯಾರಿಂದಲೂ ಆಗದ ಕೆಲಸ. ಮನೆ ತೆರವು ಮಾಡುವ ಸಂಸ್ಥೆಯೊಂದನ್ನು ಕರೆಸಿದಳು. ಬಿಸ್ಕತ್ತಿನ ಡಬ್ಬಿ ತೆರೆದಾಗ ಆಕೆಗೆ ಕಂಡದ್ದು ಸವೆದ ಲೋಹದ ಸಣ್ಣ ಬಿಲ್ಲೆಗಳು ಮತ್ತು ತನಗೆ ಓದಲು ಬಾರದ ಲಿಪಿ. ಆಕೆ ಕನ್ನಡವನ್ನು ಚೆನ್ನಾಗಿ ಮಾತನಾಡುತ್ತಾಳೆ, ಓದಲು ಕಲಿತಿಲ್ಲ. ‘ಚಿನ್ನ, ಬೆಳ್ಳಿಯನ್ನು ಬೇರೆ ಕೊಡಿಸುತ್ತೇವೆ’ ಎಂದರು ಸಂಸ್ಥೆಯವರು. ಹಳೆಯ ಚಿನ್ನ ಕೊಳ್ಳುವ ಅಂಗಡಿಯೊಂದರಲ್ಲಿ ಲಕೋಟೆಗಳನ್ನು ಕಸದ ಬುಟ್ಟಿಗೆ ಹಾಕಿ, ನಾಣ್ಯಗಳನ್ನು ತಕ್ಕಡಿಗೆ ಹಾಕಿದರು. ಒಂದು ವರಹ ತೂಗುವುದು ಸುಮಾರು ಮೂರೂವರೆ ಗ್ರಾಂ. ಚಿನ್ನವನ್ನು ತೂಗಿದ ಬೆಲೆಗೂ ಅಪರೂಪದ ನಾಣ್ಯವಾಗಿ ಅದಕ್ಕೆ ಸಿಗುವ ಬೆಲೆಗೂ ಇರುವ ಅಂತರ ಹಲವು ಪಟ್ಟಾಗಬಹುದು. ಆ ಅಂಗಡಿಯವರು ಅವನ್ನು ಕರಗಿಸಿದರೋ, ಇನ್ನೊಬ್ಬ ವ್ಯಾಪಾರಿಗೆ ದಾಟಿಸಿದರೋ, ಇಂದಿಗೂ ತಿಳಿಯದು.

ಆರು ತಿಂಗಳ ನಂತರ ತೀರ್ಥಹಳ್ಳಿಯಿಂದ ಮೇಷ್ಟ್ರ ಅಣ್ಣನ ಮಗ ಫೋನ್ ಮಾಡಿದ. ‘ಸಾರ್, ಚಿಕ್ಕಪ್ಪನ ನಾಣ್ಯದ ಡಬ್ಬಿ ಈಗ ಯಾರ ಹತ್ರ ಇದೆ?’ ನಾನು ತಿಳಿದಷ್ಟನ್ನು ಹೇಳಿದೆ. ಆ ಕಡೆ ಬಹಳ ಹೊತ್ತು ಮೌನ. ಅಮೇಲೆ, ‘ಅವಳಿಗೆ ಅಷ್ಟು ದುಡ್ಡಿನ ಅವಸರ ಇತ್ತಾ ಸಾರ್?’ ಎಂದ. ಇತ್ತ ಮಗಳನ್ನು ಕೇಳಿದರೆ, ‘ಅಂಕಲ್, ಅಪ್ಪ ಒಂದೇ ಒಂದು ಮಾತು ಹೇಳಿದ್ದರೆ ನಾನೇ ತಗೊಂಡು ಹೋಗಿ ಅವನ ಕೈಗೆ ಕೊಡ್ತಿದ್ದೆ’ ಎಂದು ಅತ್ತಳು. ಇಬ್ಬರೂ ಪ್ರಾಮಾಣಿಕರು. ಇಬ್ಬರ ನಡುವೆ ಈಗ ಮಾತಿಲ್ಲ. ಆ ದೀಪಾವಳಿಯ ಮರುದಿನ ನಾನು ಪೆನ್ನು ಹಿಡಿದಿದ್ದರೆ ಎಂಬ ಕೊರಗು ನನ್ನದು.

ಕಾನೂನು ಹೇಳುವುದೇನು?

ನಾನು ವಕೀಲನಲ್ಲ. ಆದರೆ ಈ ಘಟನೆಯ ನಂತರ ಇಬ್ಬರು ವಕೀಲರನ್ನೂ ಒಬ್ಬ ಲೆಕ್ಕಪರಿಶೋಧಕರನ್ನೂ ಕಂಡು ಕೇಳಿ ತಿಳಿದುಕೊಂಡೆ. ಹೊರದೇಶದಲ್ಲಿ ಮಕ್ಕಳಿರುವ ತಂದೆತಾಯಿಯರಿಗೂ ಹೊರಡಲು ಸಿದ್ಧರಾಗಿರುವ ತರುಣರಿಗೂ ಉಪಯೋಗವಾಗುವಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಸಂಗ್ರಹವು ಚರಾಸ್ತಿ. ಜಮೀನು, ಮನೆಗಳಿಗೆ ಅವು ಇರುವ ದೇಶದ ಕಾನೂನು ಅನ್ವಯಿಸಿದರೆ, ಚರಾಸ್ತಿಯ ಹಂಚಿಕೆಗೆ ಸಾಮಾನ್ಯವಾಗಿ ತೀರಿಕೊಂಡವರು ಕಾಯಂ ಆಗಿ ನೆಲೆಸಿದ್ದ ದೇಶದ ಕಾನೂನು ಅನ್ವಯಿಸುತ್ತದೆ. ಆದ್ದರಿಂದ ಊರಿನ ತೋಟಕ್ಕೆ ಊರಿನಲ್ಲೊಂದು ಉಯಿಲು, ಇಲ್ಲಿನ ವಸ್ತುಗಳಿಗೆ ಇಲ್ಲೊಂದು ಉಯಿಲು ಮಾಡುವವರು ಹಲವರು. ಹಾಗೆ ಮಾಡುವಾಗ ಒಂದು ಇನ್ನೊಂದನ್ನು ರದ್ದುಗೊಳಿಸದಂತೆ ಸ್ಪಷ್ಟವಾಗಿ ಬರೆಸಬೇಕು.

ಎರಡನೆಯದು, ಪಟ್ಟಿ. ನ್ಯೂಜೆರ್ಸಿಯೂ ಸೇರಿದಂತೆ ಅನೇಕ ರಾಜ್ಯಗಳಲ್ಲಿ, ಉಯಿಲಿನಲ್ಲಿ ಒಂದು ಸಾಲಿನ ಉಲ್ಲೇಖವಿದ್ದರೆ, ಯಾವ ವಸ್ತು ಯಾರಿಗೆ ಎಂಬುದನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಡಬಹುದು. ಅದು ಸ್ವಂತ ಕೈಬರಹದಲ್ಲಿರಬೇಕು ಅಥವಾ ಅದಕ್ಕೆ ಸಹಿ ಇರಬೇಕು. ವಸ್ತುವಿನ ಮತ್ತು ಪಡೆಯುವವರ ವಿವರ ಅನುಮಾನಕ್ಕೆ ಎಡೆಯಿಲ್ಲದಂತಿರಬೇಕು. ಮನಸ್ಸು ಬದಲಾದಾಗಲೆಲ್ಲ ವಕೀಲರ ಬಳಿಗೆ ಓಡದೆ ಪಟ್ಟಿಯನ್ನಷ್ಟೇ ತಿದ್ದಬಹುದು. ಒಂದು ಎಚ್ಚರಿಕೆ: ಈ ಪಟ್ಟಿಯಲ್ಲಿ ಹಣವನ್ನು ಸೇರಿಸುವಂತಿಲ್ಲ. ನಾಣ್ಯವು ಹಣವೋ ವಸ್ತುವೋ ಎಂಬ ತಕರಾರು ಏಳಬಹುದಾದ್ದರಿಂದ, ನಾಣ್ಯ ಸಂಗ್ರಹವಿದ್ದವರು ಅದನ್ನು ಉಯಿಲಿನಲ್ಲಿಯೇ ಹೆಸರಿಸುವುದು ಕ್ಷೇಮ.

ಮೂರನೆಯದು, ತೆರಿಗೆ. ಅಮೆರಿಕದ ಕೇಂದ್ರ ಸರ್ಕಾರದ ಎಸ್ಟೇಟ್ ತೆರಿಗೆಗೆ 2026ರಲ್ಲಿ ಒಬ್ಬರಿಗೆ 1.5 ಕೋಟಿ ಡಾಲರ್‌ವರೆಗೆ ವಿನಾಯಿತಿ ಇದೆ. ನಮ್ಮಂಥವರಲ್ಲಿ ಬಹುಪಾಲು ಜನರಿಗೆ ಅದರ ಬಾಧೆಯಿಲ್ಲ. ಆದರೆ ಈ ದೊಡ್ಡ ವಿನಾಯಿತಿ ಇಲ್ಲಿನ ಪೌರರಿಗೆ ಮತ್ತು ಇಲ್ಲಿಯೇ ಕಾಯಂ ನೆಲೆಸಿದವರಿಗೆ ಮಾತ್ರ. ಕರ್ನಾಟಕದಲ್ಲಿ ವಾಸಿಸುವ ತಾಯಿ ತನ್ನ ಒಡವೆಯನ್ನೋ ಹಳೆಯ ಚಿತ್ರಪಟವನ್ನೋ ತನ್ನ ಹೆಸರಿನಲ್ಲೇ ಉಳಿಸಿಕೊಂಡು, ಮಗಳ ಅಮೆರಿಕದ ಲಾಕರಿನಲ್ಲಿ ಇಟ್ಟು ತೀರಿಕೊಂಡರೆ, ಇಲ್ಲಿರುವ ಅವರ ಆಸ್ತಿಗೆ ದೊರೆಯುವ ವಿನಾಯಿತಿ ಕೇವಲ 60,000 ಡಾಲರ್. ಹಾಗೆಯೇ ಗಂಡ ತೀರಿಕೊಂಡಾಗ ಹೆಂಡತಿಗೆ ಮಿತಿಯಿಲ್ಲದೆ ತೆರಿಗೆರಹಿತವಾಗಿ ಆಸ್ತಿ ಸೇರಬೇಕಾದರೆ ಆಕೆ ಪೌರತ್ವ ಪಡೆದಿರಬೇಕು. ಗ್ರೀನ್ ಕಾರ್ಡ್ ಮಾತ್ರ ಇದ್ದವರಿಗೆ ಬೇರೆ ನಿಯಮಗಳಿವೆ.

ರಾಜ್ಯಗಳ ತೆರಿಗೆ ಬೇರೆ. ನ್ಯೂಜೆರ್ಸಿ ತನ್ನ ಎಸ್ಟೇಟ್ ತೆರಿಗೆಯನ್ನು 2018ರಿಂದ ಕೈಬಿಟ್ಟಿದೆ. ಆದರೆ ವಾರಸಾ ತೆರಿಗೆಯನ್ನು ಉಳಿಸಿಕೊಂಡಿದೆ. ಅದು ಯಾರು ಪಡೆಯುತ್ತಾರೆ ಎಂಬುದನ್ನು ನೋಡುತ್ತದೆ. ಪತಿ, ಪತ್ನಿ, ಮಕ್ಕಳು, ಮೊಮ್ಮಕ್ಕಳು, ತಂದೆತಾಯಿಗೆ ತೆರಿಗೆಯಿಲ್ಲ. ಒಡಹುಟ್ಟಿದವರಿಗೆ ಮೊದಲ 25,000 ಡಾಲರ್ ಬಿಟ್ಟು ಮೇಲಿನದಕ್ಕೆ 11 ಪ್ರತಿಶತದಿಂದ ಶುರು. ಅಣ್ಣನ ಮಗ, ತಂಗಿಯ ಮಗಳು, ಸ್ನೇಹಿತರು ಇವರಿಗೆ 15 ಪ್ರತಿಶತದಿಂದ ಶುರು. ಮೇಷ್ಟ್ರ ಆಸೆಯಂತೆ, ಉದಾಹರಣೆಗೆ 40,000 ಡಾಲರ್ ಬೆಲೆಯ ನಾಣ್ಯಗಳು ಅಣ್ಣನ ಮಗನಿಗೆ ಹೋಗಿದ್ದರೆ 6,000 ಡಾಲರ್ ತೆರಿಗೆಯನ್ನು ಎಂಟು ತಿಂಗಳೊಳಗೆ ಕಟ್ಟಬೇಕಾಗುತ್ತಿತ್ತು. ಅದನ್ನು ಯಾರ ಪಾಲಿನಿಂದ ಕಟ್ಟಬೇಕು ಎಂಬುದನ್ನೂ ಉಯಿಲಿನಲ್ಲಿ ಬರೆಯಬಹುದು. ಬರೆಯದಿದ್ದರೆ ಅದೇ ಇನ್ನೊಂದು ಮನಸ್ತಾಪದ ಬೀಜ.

ಬದುಕಿರುವಾಗಲೇ ಕೊಟ್ಟುಬಿಡುವುದು ಒಳ್ಳೆಯದಲ್ಲವೇ ಎಂದು ಹಲವರು ಕೇಳುತ್ತಾರೆ. ವರ್ಷಕ್ಕೆ ಒಬ್ಬರಿಗೆ 19,000 ಡಾಲರ್‌ವರೆಗಿನ ಉಡುಗೊರೆಯನ್ನು ಸರ್ಕಾರಕ್ಕೆ ವರದಿ ಮಾಡಬೇಕಾಗಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಉಡುಗೊರೆಯಾಗಿ ಪಡೆದವರು ಅದನ್ನು ಮಾರಿದರೆ, ನಾವು ಮೊದಲು ಕೊಂಡ ಬೆಲೆಯಿಂದ ಲಾಭ ಲೆಕ್ಕ ಹಾಕುತ್ತಾರೆ. ಸಂಗ್ರಹಯೋಗ್ಯ ವಸ್ತುಗಳ ದೀರ್ಘಾವಧಿ ಲಾಭಕ್ಕೆ 28 ಪ್ರತಿಶತದವರೆಗೆ ತೆರಿಗೆ ಬೀಳಬಹುದು. ಮರಣಾನಂತರ ವಾರಸುದಾರರಿಗೆ ಬಂದ ವಸ್ತುವಿಗೆ ಮರಣದ ದಿನದ ಮಾರುಕಟ್ಟೆ ಬೆಲೆಯೇ ಮೂಲ ಬೆಲೆ. ಮಾರುವವರಿಗೆ ಎರಡನೆಯದು ಅನುಕೂಲ. ಇಟ್ಟುಕೊಂಡು ಪ್ರೀತಿಸುವವರಿಗೆ ಮೊದಲನೆಯದು. ಪಡೆಯುವವರು ಯಾವ ಬಗೆಯವರು ಎಂಬುದನ್ನು ಕೇಳಿ ತಿಳಿಯಬೇಕು.

ಸಮುದ್ರ ದಾಟುವ ಮುನ್ನ

ಊರಿನ ಓದುಗರು ಗಮನಿಸಬೇಕಾದದ್ದು ಭಾರತದ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ. ನೂರು ವರ್ಷ ಮೀರಿದ ನಾಣ್ಯ, ವಿಗ್ರಹ, ಚಿತ್ರಗಳು, 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಇವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜನ ತಾಳೆಗರಿಯ ಕಟ್ಟನ್ನು ‘ಮೊಮ್ಮಗನಿಗೆ ನೆನಪಿಗಿರಲಿ’ ಎಂದು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಕಳುಹಿಸುವುದು ಪ್ರೀತಿಯ ಕೆಲಸವಾದರೂ ಅಪರಾಧ. ವಸ್ತು ಅಷ್ಟು ಹಳೆಯದಲ್ಲ ಎನಿಸಿದರೂ ಅನುಮಾನವಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಿಂದ ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು.

ಇದೇ ನಿಯಮ ಮೇಷ್ಟ್ರ ನಾಣ್ಯಗಳಿಗೂ ಇನ್ನೊಂದು ದಿಕ್ಕಿನಿಂದ ತಾಗುತ್ತಿತ್ತು. ಅವು ತೀರ್ಥಹಳ್ಳಿ ತಲುಪಿದ್ದರೆ ಮತ್ತೆ ಸುಲಭವಾಗಿ ಹೊರಗೆ ಬರುತ್ತಿರಲಿಲ್ಲ. ಅದು ಅವರಿಗೆ ಇಷ್ಟವೇ ಆಗಿದ್ದೀತು. ಆದರೆ ಪಡೆಯುವವರಿಗೆ ಅದು ಮೊದಲೇ ತಿಳಿದಿರಬೇಕು. ಎಲ್ಲಿ, ಯಾವಾಗ, ಯಾರಿಂದ ಕೊಂಡದ್ದು ಎಂಬ ರಸೀದಿಗಳನ್ನು ಜೋಪಾನ ಮಾಡುವುದೂ ಅಷ್ಟೇ ಮುಖ್ಯ. ಕಳವಾದ ಪ್ರಾಚ್ಯವಸ್ತುಗಳ ಸಾಗಣೆ ತಡೆಯಲು 2024ರಲ್ಲಿ ಭಾರತ ಮತ್ತು ಅಮೆರಿಕ ಒಪ್ಪಂದಕ್ಕೆ ಸಹಿ ಹಾಕಿವೆ. ರಸೀದಿಯಿಲ್ಲದ ಹಳೆಯ ವಸ್ತುವನ್ನು ದೊಡ್ಡ ಹರಾಜು ಸಂಸ್ಥೆಗಳೂ ಸಂಗ್ರಹಾಲಯಗಳೂ ಮುಟ್ಟಲು ಹಿಂಜರಿಯುತ್ತವೆ.

ನನ್ನ ಮನೆಯ ಕಪಾಟು

ಬೇರೆಯವರ ಕತೆ ಹೇಳಿ ನನ್ನದನ್ನು ಮರೆಮಾಡಬಾರದು. ನನ್ನ ನೆಲಮಾಳಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಹಳೆಯ ಗ್ರಾಮಫೋನ್ ತಟ್ಟೆಗಳಿವೆ. ನಿಮಿಷಕ್ಕೆ 78 ಸುತ್ತಿನವು, ಒಂದೊಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಅವುಗಳಲ್ಲಿ ಕೆಲವು ಗೌಹರ್ ಜಾನ್ ಅವರವು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಆಕೆ, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು. ಇದೆಲ್ಲ ನನ್ನ ತಲೆಯಲ್ಲಿದೆ. ತಟ್ಟೆಯ ಮೇಲೆ ಇಲ್ಲ.

ಮಗ ರಜೆಗೆ ಬಂದಾಗ ಅವನನ್ನು ಕಪಾಟಿನ ಮುಂದೆ ಕೂರಿಸಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ, ಬೇಜಾರು ಮಾಡ್ಕೋಬೇಡಿ, ಇಷ್ಟನ್ನೂ ನಾನು ಇಟ್ಟುಕೊಳ್ಳಲಾರೆ. ನೀವು ಭಾನುವಾರ ಹಾಕ್ತಿದ್ದಿರಲ್ಲ, ಆ ನಾಲ್ಕೈದು ಸಾಕು’ ಎಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಅವನ ಪ್ರಾಮಾಣಿಕತೆ ಅರ್ಥವಾಗಿತ್ತು. ಬೇಡ ಎಂಬ ಉತ್ತರವನ್ನು ನಾನು ಬದುಕಿರುವಾಗಲೇ ಕೇಳಿದ್ದರಿಂದ ದಾರಿ ಹುಡುಕಲು ಸಮಯ ಸಿಕ್ಕಿತು.

ನಾಲ್ಕು ತಿಂಗಳು ಪ್ರತಿ ಶನಿವಾರ ಕುಳಿತು ಪಟ್ಟಿ ಮಾಡಿದೆ. ಪ್ರತಿ ತಟ್ಟೆಯ ಎರಡೂ ಮಗ್ಗುಲಿನ ಛಾಯಾಚಿತ್ರ, ಕ್ರಮಾಂಕ, ಗಾಯಕರ ಹೆಸರು, ಬಿರುಕಿದ್ದರೆ ಆ ವಿವರ, ಕೊಂಡ ಬೆಲೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಮೇಷ್ಟ್ರ ಲಕೋಟೆಗಳು ಕಲಿಸಿದ ಪಾಠವದು. ತಿಳಿದ ಮೌಲ್ಯಮಾಪಕರೊಬ್ಬರನ್ನು ಕರೆಸಿದೆ. ನಾನು ಅಮೂಲ್ಯವೆಂದುಕೊಂಡಿದ್ದ ಬಹುಪಾಲು ತಟ್ಟೆಗಳಿಗೆ ಹತ್ತಿಪ್ಪತ್ತು ಡಾಲರ್ ಎಂದರು. ನಾನು ಮೂಲೆಗೆ ತಳ್ಳಿದ್ದ ಎರಡಕ್ಕೆ ಅವರ ಕಣ್ಣರಳಿತು. ಗೃಹವಿಮೆಯ ಕಾಗದವನ್ನೂ ಅಂದೇ ಓದಿದೆ. ಸಾಮಾನ್ಯ ಗೃಹವಿಮೆಯಲ್ಲಿ ನಾಣ್ಯ, ಆಭರಣಗಳಿಗೆ ಬಹಳ ಸಣ್ಣ ಮಿತಿಯಿರುತ್ತದೆ. ಬೆಲೆಬಾಳುವ ಸಂಗ್ರಹಕ್ಕೆ ಪ್ರತ್ಯೇಕ ವಿಮೆ ಬೇಕು.

ಉಳಿದ ತಟ್ಟೆಗಳಿಗೆ ದಾನದ ದಾರಿ ಹುಡುಕಿದೆ. ಕೊಡುವುದೂ ಸುಲಭವಲ್ಲ. ನಾನು ಪತ್ರ ಬರೆದ ಸಂಸ್ಥೆಯೊಂದು ಮೊದಲು ಪಟ್ಟಿ ಕೇಳಿತು. ತಮ್ಮಲ್ಲಿ ಈಗಾಗಲೇ ಇರುವ ತಟ್ಟೆಗಳು ಬೇಡ ಎಂದಿತು. ಅಮೆರಿಕದ ಸಂಸ್ಥೆಗೆ 5,000 ಡಾಲರ್ ಮೀರಿದ ವಸ್ತುಗಳನ್ನು ಕೊಟ್ಟು ಆದಾಯ ತೆರಿಗೆಯಲ್ಲಿ ಕಡಿತ ಕೇಳಬೇಕಾದರೆ ಅರ್ಹ ಮೌಲ್ಯಮಾಪಕರ ವರದಿ ಬೇಕು. ಆ ಸಂಸ್ಥೆ ವಸ್ತುವನ್ನು ತನ್ನ ಉದ್ದೇಶಕ್ಕೇ ಬಳಸುವಂತಿರಬೇಕು. ಭಾರತದ ಸಂಸ್ಥೆಗೆ ನೇರವಾಗಿ ಕೊಟ್ಟರೆ ಇಲ್ಲಿ ಆ ಕಡಿತ ಸಾಮಾನ್ಯವಾಗಿ ಸಿಗದು. ಅರಗಿನ ಆ ತಟ್ಟೆಗಳು ಗಾಜಿನಂತೆ ಒಡೆಯುವುದರಿಂದ ಸಾಗಣೆಯ ಖರ್ಚೂ ಕಡಿಮೆಯಲ್ಲ. ಇದೆಲ್ಲ ತಿಳಿದೂ ಅರ್ಧದಷ್ಟನ್ನು ಊರಿಗೇ ಕಳುಹಿಸಲು ನಿರ್ಧರಿಸಿದ್ದೇನೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಗರಿಯ ಕಟ್ಟನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ್ದರಿಂದಲೇ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ತಿಳಿಯಿತು. ಆ ಕಟ್ಟು ಯಾವುದೋ ಅಟ್ಟದಲ್ಲೇ ಉಳಿದಿದ್ದರೆ ಗೆದ್ದಲಿಗೆ ಆಹಾರವಾಗುತ್ತಿತ್ತು.

ಸಿಕ್ಕ ನೋಟ್‌ಬುಕ್

ಕಳೆದ ವಸಂತದಲ್ಲಿ ಮೇಷ್ಟ್ರ ಮಗಳಿಂದ ಫೋನಿಗೆ ಕೆಲವು ಚಿತ್ರಗಳು ಬಂದವು. ತಂದೆಯ ಪೂಜೆಯ ಪುಸ್ತಕಗಳನ್ನು ಆಕೆ ಕ್ಯಾಲಿಫೋರ್ನಿಯಾಕ್ಕೆ ಒಯ್ದಿದ್ದಳು. ಅವುಗಳ ನಡುವೆ ಒಂದು ನೋಟ್‌ಬುಕ್. ‘ಅಂಕಲ್, ಇದರಲ್ಲಿ ಏನಿದೆ, ಓದಿ ಹೇಳ್ತೀರಾ?’

ನಲವತ್ತೇಳು ನಾಣ್ಯಗಳ ಪಟ್ಟಿ. ಯಾವ ಅರಸರದು, ಎಲ್ಲಿಯದು, ಎಷ್ಟು ತೂಕ, ಯಾವ ಹರಾಜಿನಲ್ಲಿ ಎಷ್ಟು ಕೊಟ್ಟದ್ದು, ಎಲ್ಲವೂ ಇತ್ತು. ಬಹುಪಾಲು ನಾಣ್ಯಗಳ ಮುಂದೆ ‘ಅಣ್ಣನ ಮಗನಿಗೆ’ ಎಂದಿತ್ತು. ಒಂದು ಇಕ್ಕೇರಿ ವರಹದ ಮುಂದೆ ಮಾತ್ರ, ‘ಮಗಳಿಗೆ. ಅವಳು ಹುಟ್ಟಿದ ವಾರ ಕೊಂಡದ್ದು’ ಎಂದಿತ್ತು. ಸಹಿಯಿಲ್ಲ, ತಾರೀಖಿಲ್ಲ, ಅದನ್ನು ಉಲ್ಲೇಖಿಸುವ ಉಯಿಲೂ ಇಲ್ಲ. ನಾನು ಆ ಸಾಲನ್ನು ಓದಿದಾಗ ಆಕೆ ಇನ್ನೊಮ್ಮೆ ಓದಲು ಹೇಳಿದಳು.

ಆಕೆಯ ಒಪ್ಪಿಗೆ ಪಡೆದು ನೋಟ್‌ಬುಕ್ಕಿನ ಪ್ರತಿಯನ್ನು ತೀರ್ಥಹಳ್ಳಿಗೆ ಕಳುಹಿಸಿದ್ದೇನೆ. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ.

ಊರಿನಲ್ಲಿರುವ ಬಂಧುಗಳಿಗೆ ನನ್ನದೊಂದು ವಿನಂತಿ. ಹೊರದೇಶದ ಅಣ್ಣನೋ ಚಿಕ್ಕಪ್ಪನೋ ‘ಇದು ನಿನಗೇ’ ಎಂದರೆ ಸಂಕೋಚಪಡದೆ, ‘ಹಾಗಂತ ಮಕ್ಕಳಿಗೂ ಹೇಳಿದ್ದೀರಾ, ಎಲ್ಲಾದರೂ ಬರೆದಿಟ್ಟಿದ್ದೀರಾ?’ ಎಂದು ಕೇಳಿ. ಅದು ಆಸೆಬುರುಕತನವಲ್ಲ. ಹೊರಡಲಿರುವ ತರುಣರೇ, ನಿಮ್ಮ ಬಳಿ ಇಂದು ಇರುವುದು ನಾಲ್ಕು ಪುಸ್ತಕವೇ ಆಗಿರಬಹುದು. ಕೊಂಡದ್ದರ ರಸೀದಿಯನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿಡಿ. ಇಲ್ಲಿರುವ ನನ್ನ ಓರಗೆಯವರು ಉಯಿಲಿನ ಮೂಲಪ್ರತಿ ಎಲ್ಲಿದೆ ಎಂಬುದನ್ನು ಮನೆಯವರಿಗೆ ತಿಳಿಸಿ, ಪಟ್ಟಿಯನ್ನು ಮಕ್ಕಳು ಓದಬಲ್ಲ ಲಿಪಿಯಲ್ಲಿಯೂ ಬರೆಯಿರಿ.

ನನ್ನ ಉಯಿಲಿಗೆ ಹೋದ ತಿಂಗಳು ಸಹಿ ಹಾಕಿದೆ. ಸಾಕ್ಷಿಗೆಂದು ಕರೆದ ನೆರೆಯ ಕನ್ನಡಿಗರು, ‘ಈಗ್ಯಾಕೆ ಸಾರ್ ಈ ಮಾತು?’ ಎಂದರು. ಅವರಿಗೆ ಮೊದಲು ಕಾಫಿ ಕೊಟ್ಟೆ. ಆಮೇಲೆ ಮೇಷ್ಟ್ರ ಬಿಸ್ಕತ್ತಿನ ಡಬ್ಬಿಯ ಕತೆ ಹೇಳಿದೆ. ಅವರು ಪೆನ್ನು ತೆಗೆದುಕೊಂಡರು.